ಬಲಾಢ್ಯ ದೇಶಕ್ಕೆ ನಿಯಮ ಎಲ್ಲಿ ತಟ್ಟುತ್ತದೆ?

ಅಂತರರಾಷ್ಟ್ರೀಯ ಕಾನೂನಿನ ವಕೀಲನೆಂದು ಹೇಳಿಕೊಂಡ ಕೂಡಲೇ ಎದುರಿನವರು ಕೇಳುವುದು ಒಂದೇ ಪ್ರಶ್ನೆ: ದೊಡ್ಡ ದೇಶಗಳು ಅದನ್ನು ಪಾಲಿಸುವುದೇ ಇಲ್ಲವಲ್ಲ? ಉಲ್ಲಂಘನೆಯ ಉದಾಹರಣೆಗಳಿಗೇನೂ ಬರವಿಲ್ಲ, ನಿಜ. ಆದರೆ ಒಂದೇ ದೇಶ ಒಂದು ತೀರ್ಪಿಗೆ ತಿಂಗಳೊಳಗೆ ಮಣಿದು ಇನ್ನೊಂದನ್ನು ಕಸದ ಬುಟ್ಟಿಗೆ ಹಾಕುವುದೇಕೆ ಎಂಬುದು ನನ್ನ ಮಟ್ಟಿಗೆ ಹೆಚ್ಚು ಉಪಯುಕ್ತವಾದ ಪ್ರಶ್ನೆ.

ಅಮೆರಿಕವನ್ನೇ ನೋಡೋಣ. ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಾ, ತನ್ನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ನೆರವು ನೀಡಿದ್ದನ್ನೂ ತನ್ನ ಬಂದರುಗಳಲ್ಲಿ ಸ್ಫೋಟಕಗಳನ್ನು ಹುದುಗಿಸಿದ್ದನ್ನೂ ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರ ಜೂನ್‌ನಲ್ಲಿ ಅಮೆರಿಕದ ವಿರುದ್ಧ ತೀರ್ಪಿತ್ತಿತು. ಅಮೆರಿಕ ಅಷ್ಟರಲ್ಲಾಗಲೇ ವಿಚಾರಣೆಯಿಂದ ಹೊರನಡೆದಿತ್ತು; ತೀರ್ಪನ್ನು ಪಾಲಿಸುವಂತೆ ಕೋರಿದ ನಿರ್ಣಯಕ್ಕೆ ಅದೇ ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ವೀಟೊ ಹಾಕಿತು. ಬಡವನ ಕೋಪ ದವಡೆಗೆ ಮೂಲ ಎಂಬಂತೆ, ಗೆದ್ದ ನಿಕರಾಗುವಾದ ಬಳಿ ಪ್ರತೀಕಾರದ ಸಾಧನವೇ ಇರಲಿಲ್ಲ.

ಉಕ್ಕಿನ ಕಥೆ ಬೇರೆ. 2002ರ ಮಾರ್ಚ್‌ನಲ್ಲಿ ಅಮೆರಿಕ ಆಮದು ಉಕ್ಕಿನ ಮೇಲೆ ಶೇ 30ರವರೆಗೆ ಸುಂಕ ವಿಧಿಸಿತು. ಅದು ನಿಯಮಬಾಹಿರವೆಂದು ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2003ರ ನವೆಂಬರ್‌ನಲ್ಲಿ ಹೇಳಿದಾಗ, ಐರೋಪ್ಯ ಒಕ್ಕೂಟದ ಕೈಯಲ್ಲಿ ಪ್ರತಿಸುಂಕದ ಪಟ್ಟಿ ಸಿದ್ಧವಿತ್ತು. ಫ್ಲೋರಿಡಾದ ಕಿತ್ತಳೆಯಂಥ ಸರಕುಗಳನ್ನು, ಅಂದರೆ ಮರುವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ನಿರ್ಣಾಯಕವಾಗಬಹುದಾದ ರಾಜ್ಯಗಳ ಉತ್ಪನ್ನಗಳನ್ನು, ಆರಿಸಿ ಹೆಣೆದ ಪಟ್ಟಿ ಅದು. ಡಿಸೆಂಬರ್ 4ರಂದು ಸುಂಕ ರದ್ದಾಯಿತು. ಎರಡೂ ತೀರ್ಪುಗಳು ಕಾನೂನಿನ ದೃಷ್ಟಿಯಲ್ಲಿ ಬದ್ಧಕಾರಿಯೇ. ಎರಡನೆಯದರ ಹಿಂದೆ ಮಾತ್ರ ದೇಶದೊಳಗೇ ನೋವುಣ್ಣುವ ಜನರಿದ್ದರು. ಕಕ್ಷಿದಾರರಿಗೆ ಸಲಹೆ ಬರೆಯುವಾಗ ನಾನು ಮೊದಲು ಹುಡುಕುವುದು ಈ ಜನರನ್ನೇ, ನಿಯಮದ ಪಠ್ಯವನ್ನಲ್ಲ. (ಪಠ್ಯಕ್ಕೇ ಜೀವ ತೇಯುವ ಸಹೋದ್ಯೋಗಿಗಳು ಈ ಮಾತಿಗೆ ಸಿಡಿಮಿಡಿಗೊಳ್ಳುವುದುಂಟು.)

ಪ್ರತೀಕಾರದ ಭಯವಿಲ್ಲದೆಯೂ ದೊಡ್ಡ ದೇಶ ಮಣಿಯುವುದುಂಟು. ಬಂಗಾಳ ಕೊಲ್ಲಿಯ ಗಡಿ ವ್ಯಾಜ್ಯದಲ್ಲಿ 2014ರ ಜುಲೈನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ವಿವಾದಿತ 25,602 ಚದರ ಕಿಲೊಮೀಟರ್‌ಗಳಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತ ಅದನ್ನು ಒಪ್ಪಿಕೊಂಡಿತು. ಗಡಿ ಇತ್ಯರ್ಥವಾಗದ ನೀರಿನಲ್ಲಿ ತೈಲ, ಅನಿಲ ಹುಡುಕಲು ಯಾವ ಕಂಪನಿಯೂ ಸುಲಭವಾಗಿ ಹಣ ಹೂಡುವುದಿಲ್ಲವಾದ್ದರಿಂದ, ಕಳೆದುಕೊಂಡ ಪಾಲಿಗಿಂತ ಖಚಿತವಾದ ಗೆರೆಯೇ ಲಾಭದಾಯಕ ಎಂಬ ಲೆಕ್ಕಾಚಾರ ಇದರಲ್ಲಿದೆಯೆಂದು ನಾನು ಭಾವಿಸುತ್ತೇನೆ. ಎರಡು ವರ್ಷಗಳ ಬಳಿಕ, ದಕ್ಷಿಣ ಚೀನಾ ಸಮುದ್ರದ ಬಗ್ಗೆ ಫಿಲಿಪ್ಪೀನ್ಸ್ ಹೂಡಿದ ವ್ಯಾಜ್ಯದಲ್ಲಿ ತನ್ನ ವಿರುದ್ಧ ಬಂದ ತೀರ್ಪನ್ನು ಚೀನಾ ತಿರಸ್ಕರಿಸಿತು. ಅಲ್ಲಿ ಪಣಕ್ಕಿದ್ದದ್ದು ನೀರಿನ ಪಾಲಷ್ಟೇ ಅಲ್ಲ. ಸ್ವದೇಶದಲ್ಲಿ ದಶಕಗಳಿಂದ ಹೇಳಿಕೊಂಡು ಬಂದ ಹಕ್ಕಿನ ಕಥನವೂ ಹೌದು.

ಇನ್ನು ನಿಯಮವನ್ನು ಮುರಿಯುವ ರೀತಿ. 2003ರಲ್ಲಿ ಇರಾಕ್ ಮೇಲೆ ದಾಳಿಯಿಟ್ಟ ಅಮೆರಿಕ ಮತ್ತು ಬ್ರಿಟನ್ ಭದ್ರತಾ ಮಂಡಳಿ ಇರಾಕ್ ಕುರಿತು ಮೊದಲೇ ಅಂಗೀಕರಿಸಿದ್ದ 678, 687 ಮತ್ತು 1441ನೇ ನಿರ್ಣಯಗಳನ್ನು ಸಮರ್ಥನೆಯಾಗಿ ಮುಂದೊಡ್ಡಿದವು. 2022ರ ಫೆಬ್ರುವರಿ 24ರಂದು ಉಕ್ರೇನಿಗೆ ನುಗ್ಗಿದ ರಷ್ಯಾ ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯ ಆತ್ಮರಕ್ಷಣೆಯ ಹಕ್ಕನ್ನು ಹೇಳಿಕೊಂಡಿತು. ವಾದ ಎಷ್ಟೇ ಪೊಳ್ಳಾಗಿದ್ದರೂ, ನಿಯಮವೇ ನಮಗೆ ಬೇಡ ಎಂದು ಯಾರೂ ಬರೆಯಲಿಲ್ಲ. ವಿನಾಯಿತಿಯನ್ನು ಕೇಳುವವನು ನಿಯಮವನ್ನು ದೃಢಪಡಿಸುತ್ತಾನೆ ಎಂಬ ತರ್ಕ ನಿಕರಾಗುವಾ ತೀರ್ಪಿನಲ್ಲೇ ಇದೆ. ದಾಳಿಗೊಳಗಾದವರಿಗೆ ಇದರಿಂದ ಆ ಹೊತ್ತಿಗೆ ಯಾವ ಸಮಾಧಾನವೂ ಇಲ್ಲ. ಆದರೆ ಪರಿಹಾರ ಕೇಳುವ ವಕೀಲನಿಗೆ ಮುಂದೊಂದು ದಿನ ಹಿಡಿಯಲು ಒಂದು ಹಿಡಿ ಸಿಗುತ್ತದೆ.

ಅಂಥ ಹಿಡಿಗೊಂದು ಉದಾಹರಣೆ: 2013ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ, ನೆದರ್ಲೆಂಡ್ಸ್ ಧ್ವಜ ಹೊತ್ತ ಆರ್ಕ್ಟಿಕ್ ಸನ್‌ರೈಸ್ ಹಡಗನ್ನು ವಶಪಡಿಸಿಕೊಂಡ ರಷ್ಯಾ, ನೆದರ್ಲೆಂಡ್ಸ್ ಹೂಡಿದ ಮಧ್ಯಸ್ಥಿಕೆಯ ವಿಚಾರಣೆಗೆ ಹಾಜರಾಗಲೇ ಇಲ್ಲ. ಆದರೂ 2019ರಲ್ಲಿ ಉಭಯ ದೇಶಗಳ ಒಪ್ಪಂದದ ಹೆಸರಿನಲ್ಲಿ 27 ಲಕ್ಷ ಯೂರೊ ಕೊಟ್ಟು ವಿವಾದವನ್ನು ಮುಗಿಸಿತು.