ಕ್ರೂಸ್‌ ಹತ್ತುವ ಮೊದಲು ಆಧಾರ್‌ ಕಾರ್ಡ್‌ ಒಮ್ಮೆ ನೋಡಿ

ಮೊದಲ ಸಲ ಕ್ರೂಸಿಗೆ ಹೊರಟವರು ನಮ್ಮ ಆಫೀಸಿಗೆ ಬಂದರೆ ಕೇಳುವುದು ಎರಡೇ ಪ್ರಶ್ನೆ. "ವಾಂತಿ ಆಗ್ತದಾ?" ಆಮೇಲೆ, "ಊಟಕ್ಕೆ ಎಂತ ಸಿಗ್ತದೆ?" ಎರಡಕ್ಕೂ ಉತ್ತರ ಇದೆ. ಆದರೆ ನಾನು ಮೊದಲು ಆಧಾರ್‌ ಕಾರ್ಡ್‌ ಕೇಳುತ್ತೇನೆ. ಕೆಲವು ವರ್ಷ ಪ್ಯಾಸೆಂಜರ್‌ ಹಡಗುಗಳ ರಿಸೆಪ್ಶನ್‌ ಕೌಂಟರಿನಲ್ಲಿ ನಿಂತವನು ನಾನು. ಈಗ ಕಾಸರಗೋಡಿನಲ್ಲಿ ಕೂತು ಜನರನ್ನು ಹಡಗು ಹತ್ತಿಸುವುದೇ ಕೆಲಸ. ಕಡಲಿನಿಂದಾಗಿ ಕೆಟ್ಟ ಪ್ರವಾಸ ನಾನು ನೋಡಿದ್ದು ಕಡಿಮೆ. ದಡದಲ್ಲೇ ಕೆಟ್ಟವು ಜಾಸ್ತಿ.

ನಮ್ಮ ಜಿಲ್ಲೆಗೆ ಹಡಗು ಹೊಸತೇನಲ್ಲ. ಉದುಮ, ಕೋಟಿಕುಳಂ, ಪಳ್ಳಿಕ್ಕರೆ ಕಡೆ ಮರ್ಚೆಂಟ್‌ ನೇವಿಯವರು ಎಷ್ಟು ಜನ ಇದ್ದಾರೆ! ಹಾಗಾಗಿ ಪ್ರತಿ ಕುಟುಂಬದಲ್ಲೂ ಸಲಹೆ ಕೊಡಲು ಒಬ್ಬ ಮಾವನೋ ಭಾವನೋ ಇರುತ್ತಾರೆ. ಆದರೆ ಟ್ಯಾಂಕರಿನಲ್ಲಿ ದುಡಿದವರ ಅನುಭವ ಬೇರೆ, ದುಡ್ಡು ಕೊಟ್ಟು ಹತ್ತುವ ಪ್ರಯಾಣಿಕರ ತಾಪತ್ರಯ ಬೇರೆ.

ಮೊದಲು ಹೆಸರಿನ ವಿಷಯ. ಗಡಿಯಲ್ಲಿರುವ ಕನ್ನಡದವರಿಗೆ ಇದು ಹುಟ್ಟಿನಿಂದ ಬಂದ ತಲೆನೋವು. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ರೀತಿ, ಮಲಯಾಳಂ ರೇಷನ್‌ ಕಾರ್ಡ್‌ ನೋಡಿ ಯಾರೋ ಟೈಪ್‌ ಮಾಡಿದ ಆಧಾರ್‌ನಲ್ಲಿ ಇನ್ನೊಂದು ರೀತಿ. ಭಟ್ಟರ ಹೆಸರಿನ ಕೊನೆಗೆ ಒಂದು ಕಡೆ ಒಂದೇ ‘ಟಿ’, ಇನ್ನೊಂದು ಕಡೆ ಎರಡು. ಇನಿಶಿಯಲ್‌ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ. ಊರಲ್ಲಿ ಇದರಿಂದ ಏನೂ ಆಗುವುದಿಲ್ಲ. ಬಂದರಿನಲ್ಲಿ ಆಗುತ್ತದೆ. ಯಾಕೆಂದರೆ ಹಡಗು ಹೊರಡುವ ಮೊದಲು ಪ್ರಯಾಣಿಕರ ಪೂರ್ತಿ ಪಟ್ಟಿ ಅಧಿಕಾರಿಗಳಿಗೆ ಹೋಗುತ್ತದೆ. ಕೌಂಟರಿನಲ್ಲಿ ಕೂತ ಹುಡುಗ ಆ ಪಟ್ಟಿಯ ಹೆಸರನ್ನೂ ನಿಮ್ಮ ಕಾರ್ಡನ್ನೂ ಅಕ್ಷರ ಅಕ್ಷರ ಹಿಡಿದು ನೋಡುತ್ತಾನೆ. ಟಿಕೆಟ್‌ ಮಾಡುವಾಗ ವಾಟ್ಸಾಪಿನಲ್ಲಿ ಹೆಸರು ಟೈಪ್‌ ಮಾಡಿ ಕಳಿಸಬೇಡಿ. ಕಾರ್ಡಿನ ಫೋಟೋನೇ ಕಳಿಸಿ.

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೆಲಿಯಾದಂಥ ದೇಶದೊಳಗಿನ ಕ್ರೂಸಿಗೆ ಪಾಸ್‌ಪೋರ್ಟ್‌ ಬೇಡ. ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ ಸಾಕು. ಆದರೆ ಅಸಲಿಯೇ ಬೇಕು, ಜೆರಾಕ್ಸ್‌ ನಡೆಯುವುದಿಲ್ಲ. ಮಕ್ಕಳದ್ದೂ ಬೇಕು. ಆರು ತಿಂಗಳಾಗದ ಮಗುವನ್ನು ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಗರ್ಭಿಣಿಯರಿಗೆ 24 ವಾರದ ಆಸುಪಾಸಿನಲ್ಲಿ ಬಾಗಿಲು ಮುಚ್ಚುತ್ತದೆ. ಇದನ್ನು ಬುಕಿಂಗ್‌ ಮಾಡುವ ದಿನ ಲೆಕ್ಕ ಹಾಕಿದರೆ ಸಾಲದು. ವಾಪಸ್‌ ಇಳಿಯುವ ದಿನಕ್ಕೆ ಎಷ್ಟು ವಾರ ಆಗುತ್ತದೆ ಅಂತ ನೋಡಬೇಕು.

ಹೊರದೇಶದ ಕ್ರೂಸಾದರೆ ಪಾಸ್‌ಪೋರ್ಟಿಗೆ ಪ್ರವಾಸ ಮುಗಿದ ಮೇಲೂ ಆರು ತಿಂಗಳ ಅವಧಿ ಉಳಿದಿರಲಿ. ಸಿಂಗಾಪುರದಲ್ಲಿ ಹಡಗು ಹತ್ತಿ, ಮಲೇಷ್ಯಾ ಮುಟ್ಟಿ ಮತ್ತೆ ಸಿಂಗಾಪುರದಲ್ಲೇ ಇಳಿಯುವವರು ಒಂದು ಸಂಗತಿ ಮರೆಯುತ್ತಾರೆ. ವಾಪಸ್‌ ಬಂದು ಇಳಿಯುವುದು ಎರಡನೇ ಪ್ರವೇಶ. ವೀಸಾದಲ್ಲಿ ಮಲ್ಟಿಪಲ್‌ ಎಂಟ್ರಿ ಅಂತ ಇದೆಯಾ ನೋಡಿ. ದುಬೈಯಿಂದ ಹೊರಡುವ ಕ್ರೂಸಿಗೆ ಇನ್ನೊಂದು ಕೊಕ್ಕೆ ಇದೆ. 2022ರ ನವೆಂಬರಿನಿಂದ, ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರಿದ್ದರೆ ಯುಎಇ ವಿಸಿಟ್‌ ವೀಸಾ ಕೊಡುವುದಿಲ್ಲ. ನಮ್ಮ ಕಡೆಯ ಹಿರಿಯ ಹೆಂಗಸರ ಪಾಸ್‌ಪೋರ್ಟಿನಲ್ಲಿ ‘ಲಕ್ಷ್ಮಿ’, ‘ಸರಸ್ವತಿ’ ಅಂತ ಅಷ್ಟೇ ಇರುವುದು ಎಷ್ಟೋ ಸಲ ನೋಡಿದ್ದೇನೆ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ದಾರಿ ಇದೆ. ಆದರೆ ಅದನ್ನು ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ಇನ್ನು ರೈಲು. ಕಾಸರಗೋಡಿನಿಂದ ನೇತ್ರಾವತಿ, ಮಂಗಳೂರಿನಿಂದ ಮತ್ಸ್ಯಗಂಧಾ, ಎರಡೂ ಮುಂಬೈಯ ಲೋಕಮಾನ್ಯ ತಿಲಕ್‌ ಟರ್ಮಿನಸ್‌, ಅಂದರೆ ಎಲ್‌ಟಿಟಿಗೆ ಹೋಗುತ್ತವೆ. ಮತ್ಸ್ಯಗಂಧಾ ಬೆಳಿಗ್ಗೆಯೇ ಮುಟ್ಟುತ್ತದೆ, ಹಾಗಾಗಿ ಅದೇ ದಿನ ಹಡಗು ಹತ್ತಿಬಿಡೋಣ ಅನ್ನಿಸುತ್ತದೆ. ಬೇಡ ಮಾರಾಯ್ರೆ. ಕೊಂಕಣ ರೈಲ್ವೆಯಲ್ಲಿ ಎಲ್ಲೋ ಒಂದು ಕಡೆ ತಡವಾದರೆ ಅರ್ಧ ದಿನ ಹೋಯಿತು. ಎಲ್‌ಟಿಟಿ ಇರುವುದು ಕುರ್ಲಾದಲ್ಲಿ, ಬಂದರು ದಕ್ಷಿಣ ಮುಂಬೈಯಲ್ಲಿ. ನಡುವಿನ ಟ್ರಾಫಿಕ್‌ ಗೊತ್ತಲ್ಲ? ಹಡಗು ಹೊರಡುವುದಕ್ಕೆ ಒಂದು ಗಂಟೆಗೂ ಮೊದಲೇ ಚೆಕ್‌ಇನ್‌ ಮುಚ್ಚುತ್ತದೆ. ಆಮೇಲೆ ಹಡಗು ಕಣ್ಣೆದುರೇ ನಿಂತಿದ್ದರೂ ಹತ್ತಲು ಆಗುವುದಿಲ್ಲ. ಪಟ್ಟಿ ಆಗಲೇ ಹೋಗಿರುತ್ತದೆ. ದುಡ್ಡೂ ವಾಪಸ್‌ ಇಲ್ಲ. ಒಂದು ದಿನ ಮೊದಲೇ ಹೋಗಿ ದಾದರಿನಲ್ಲೋ ಫೋರ್ಟಿನಲ್ಲೋ ಲಾಡ್ಜ್‌ ಹಿಡಿಯಿರಿ. ಕೊಚ್ಚಿಯಿಂದ ಹತ್ತುವ ಟ್ರಿಪ್‌ ಸಿಕ್ಕಿದರೆ ನಮಗೆ ಸುಲಭ. ಆಗಲೂ ಹಿಂದಿನ ರಾತ್ರಿ ಎರ್ನಾಕುಳಂನಲ್ಲಿ ಇರುವುದೇ ಒಳ್ಳೆಯದು.

ಯಾವ ತಿಂಗಳು? ಮಳೆಗಾಲದಲ್ಲಿ ನಮ್ಮ ಪಡುಗಡಲು ಹೇಗಿರುತ್ತದೆ ಅಂತ ಕುಂಬಳೆಯವರಿಗೋ ಮಂಜೇಶ್ವರದವರಿಗೋ ಹೇಳಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಕಡೆಯ ಕ್ರೂಸ್‌ ಹೊಸಬರಿಗೆ ಹೇಳಿದ್ದಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನೀರು ಶಾಂತ.

ಈಗ ವಾಂತಿಯ ಪ್ರಶ್ನೆ. ಕಿವಿಯ ಒಳಗಿನ ಸಮತೋಲದ ಅಂಗ "ಅಲುಗಾಡ್ತಾ ಇದ್ದೇವೆ" ಅನ್ನುತ್ತದೆ. ಕ್ಯಾಬಿನಿನ ಗೋಡೆ ನೋಡುತ್ತಿರುವ ಕಣ್ಣು "ಇಲ್ಲವಲ್ಲ" ಅನ್ನುತ್ತದೆ. ಈ ತಕರಾರಿನಿಂದಲೇ ಹೊಟ್ಟೆ ತೊಳಸುವುದು. ಸಂಪಾಜೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಬಿಡದವರಿಗೆ ಹಡಗಿನಲ್ಲೂ ಆಗುವ ಸಾಧ್ಯತೆ ಜಾಸ್ತಿ, ಕಾರಣ ಅದೇ. ಅಂಥವರು ಕ್ಯಾಬಿನ್‌ ಆರಿಸುವಾಗಲೇ ಅರ್ಧ ಗೆಲ್ಲಬಹುದು. ಹಡಗು ಏರಿಳಿಯುವುದು ದಿಮ್ಮಿಯ ಮೇಲೆ ಅಡ್ಡ ಹಲಗೆ ಇಟ್ಟು ಮಕ್ಕಳು ಆಡುವ ಹಾಗೆ. ಎರಡು ತುದಿಯವರಿಗೆ ಎತ್ತಾಟ, ನಡುವೆ ಕೂತವನಿಗೆ ಸುಖ. ಆದ್ದರಿಂದ ಹಡಗಿನ ನಡುಭಾಗ, ಆದಷ್ಟು ಕೆಳಗಿನ ಮಹಡಿ, ಅಂದರೆ ಡೆಕ್‌. ಮೇಲಿನ ಡೆಕ್ಕಿನ ಬಾಲ್ಕನಿ ಫೋಟೋಕ್ಕೆ ಚಂದ, ಆದರೆ ಗಾಳಿ ಎದ್ದಾಗ ಓಲಾಡುವುದೂ ಅದೇ ಹೆಚ್ಚು.

ಮಾತ್ರೆ ತೆಗೆದುಕೊಳ್ಳುವುದಾದರೆ ವಾಂತಿ ಶುರುವಾದ ಮೇಲೆ ಅಲ್ಲ, ಹತ್ತುವ ಮೊದಲೇ. ನಮ್ಮ ಮೆಡಿಕಲ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅವೊಮಿನ್‌. ಅದರಿಂದ ನಿದ್ದೆ ಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್‌ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ನುಂಗಬಾರದು. ಹೊಟ್ಟೆ ಖಾಲಿ ಬಿಡಬೇಡಿ. ವಾಂತಿಗೆ ಹೆದರಿ ಉಪವಾಸ ಕೂತವರೇ ಮೊದಲು ಮಲಗುವುದು. ತಲೆ ತಿರುಗಿದರೆ ಹೊರಗೆ ಬಂದು ದೂರದಲ್ಲಿ ನೀರು ಆಕಾಶ ಸೇರುವ ಗೆರೆ ನೋಡಿ. ಮೊಬೈಲ್‌ ನೋಡಬೇಡಿ.

ಕ್ಯಾಬಿನ್‌ ಬಗ್ಗೆ ಇನ್ನೊಂದು ಗುಟ್ಟು. ಡೆಕ್‌ ಪ್ಲಾನ್‌ ಕೇಳಿ ಪಡೆದು, ನಿಮ್ಮ ಕೋಣೆಯ ಮೇಲೂ ಕೆಳಗೂ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮೇಲೆ ಈಜುಕೊಳದ ಡೆಕ್‌ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್‌ ಇದ್ದರೆ ಅರ್ಧರಾತ್ರಿಯವರೆಗೆ ಡ್ರಮ್ಮು. ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ, ಮೊದಲ ಸಲಕ್ಕೆ ಸಾಕು. ಆದರೆ ದೀಪ ಆರಿಸಿದರೆ ಕಗ್ಗತ್ತಲೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಹಲವು ಹಡಗುಗಳ ಟಿವಿಯಲ್ಲಿ ಮುಂಭಾಗದ ಕ್ಯಾಮೆರಾದ ಚಾನೆಲ್‌ ಇರುತ್ತದೆ. ಸದ್ದು ತೆಗೆದು ಅದನ್ನು ಹಾಕಿ ಮಲಗಿದರೆ ಬೆಳಕಾದದ್ದು ಗೊತ್ತಾಗುತ್ತದೆ.

ಪ್ಯಾಕಿಂಗ್‌ನಲ್ಲಿ ನಮ್ಮವರು ಸಿಕ್ಕಿಬೀಳುವುದು ಊದುಬತ್ತಿಯಲ್ಲಿ. ನಾನು ಕೆಲಸಕ್ಕಿದ್ದ ಹಡಗೊಂದರಲ್ಲಿ ನಸುಕಿಗೆ ಎದ್ದು ಸ್ನಾನ ಮಾಡಿದ ಅಜ್ಜಿಯೊಬ್ಬರು ಸಣ್ಣ ದೇವರ ಫೋಟೋ ಇಟ್ಟು ಒಂದೇ ಒಂದು ಬತ್ತಿ ಹಚ್ಚಿದರು. ಮಂತ್ರ ಮುಗಿಯುವ ಮೊದಲೇ ಬಾಗಿಲಲ್ಲಿ ಮೂರು ಜನ, ಒಬ್ಬನ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್‌. ಅಜ್ಜಿ ಗಾಬರಿ, ಬಂದವರೂ ಗಾಬರಿ. ನಡುಗಡಲಲ್ಲಿ ಹಡಗಿನವರು ನೀರಿಗಿಂತ ಹೆಚ್ಚು ಹೆದರುವುದು ಬೆಂಕಿಗೆ. ಓಡಿಹೋಗಲು ಜಾಗ ಇಲ್ಲವಲ್ಲ. ಹಾಗಾಗಿ ಊದುಬತ್ತಿ, ಕರ್ಪೂರ, ದೀಪ, ಇಸ್ತ್ರಿ ಪೆಟ್ಟಿಗೆ, ಕೆಟಲ್‌ ಎಲ್ಲವೂ ಸ್ಕ್ಯಾನರಿನಲ್ಲೇ ನಿಂತುಬಿಡುತ್ತವೆ. ಬಿಟ್ಟು ಬನ್ನಿ.

ತರಬೇಕಾದದ್ದು ಬೇರೆ. ಒಂದು ಪ್ಲಾಸ್ಟಿಕ್‌ ಮಗ್‌! ನಗಬೇಡಿ. ವಿದೇಶಿ ಹಡಗಿನ ಬಾತ್‌ರೂಮಿನಲ್ಲಿ ಪೇಪರ್‌ ಮಾತ್ರ ಇರುತ್ತದೆ. ಕ್ಯಾಬಿನ್ನಿನ ಗೋಡೆ ಹೆಚ್ಚಾಗಿ ಕಬ್ಬಿಣದ ತಗಡು, ಆಯಸ್ಕಾಂತದ ಸಣ್ಣ ಕೊಕ್ಕೆ ನಾಲ್ಕು ತಂದರೆ ಟವೆಲ್‌, ಟೋಪಿ, ಬ್ಯಾಗ್‌ ಎಲ್ಲ ನೇತಾಡಿಸಬಹುದು. ಬಿಪಿ, ಶುಗರ್‌ ಮಾತ್ರೆಗಳನ್ನು ಸ್ಟ್ರಿಪ್ಪಿನಲ್ಲೇ ಇಟ್ಟು, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅದು ಕೋಣೆಗೆ ಬರುವಾಗ ಕೆಲವು ಸಲ ರಾತ್ರಿಯಾಗುತ್ತದೆ.

ಹತ್ತಿದ ಕೂಡಲೇ ಎಲ್ಲರೂ ಊಟದ ಹಾಲಿಗೆ ಓಡುತ್ತಾರೆ. ಓಡಿ, ತಪ್ಪಿಲ್ಲ. ಆದರೆ ಅಪಾಯ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡುವ ಸೇಫ್ಟಿ ಡ್ರಿಲ್‌ ತಪ್ಪಿಸಬೇಡಿ. "ಸುಮ್ನೆ ಟೈಮ್‌ ವೇಸ್ಟ್‌" ಅನ್ನುವವರಿಗೆ ನಾನು ಹೇಳುವುದು ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್‌ ಹಡಗಿನ ಕಥೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಅದು ಬಂಡೆಗೆ ಬಡಿದು ಮಗುಚಿತು. 32 ಜನ ಸತ್ತರು. ಆ ದಿನ ಸಂಜೆ ಹತ್ತಿದವರಿಗೆ ಡ್ರಿಲ್‌ ಇನ್ನೂ ಆಗಿರಲೇ ಇಲ್ಲ. ಆಗಿನ ನಿಯಮದ ಪ್ರಕಾರ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆಮೇಲೆ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್‌ ಆಗಲೇಬೇಕು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಅದು ಅಪಾಯದ ಸೂಚನೆ. ಆಗ ನೀವು ಹೋಗಿ ಸೇರಬೇಕಾದ ಜಾಗದ ನಂಬರ್‌ ಕ್ಯಾಬಿನ್‌ ಬಾಗಿಲಿನ ಹಿಂದೆಯೋ ಕಾರ್ಡಿನ ಮೇಲೆಯೋ ಇರುತ್ತದೆ. ಮೊದಲ ದಿನವೇ ಒಮ್ಮೆ ಲಿಫ್ಟ್‌ ಬಿಟ್ಟು ಮೆಟ್ಟಿಲಲ್ಲಿ ಅಲ್ಲಿಗೆ ನಡೆದು ನೋಡಿ, ವಯಸ್ಸಾದವರನ್ನೂ ಕರೆದುಕೊಂಡು.

ಊಟದ ಚಿಂತೆ ಬೇಡ. ಇಲ್ಲಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರ, ಜೈನ ಊಟ ಧಾರಾಳ. ಕುಚ್ಚಲಕ್ಕಿ ಗಂಜಿ ಮಾತ್ರ ಕೇಳಬೇಡಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಬುಕಿಂಗಿನಲ್ಲಿ ಬರೆಸಿ, ಮೊದಲ ಸಂಜೆ ರೆಸ್ಟೋರೆಂಟಿನ ಮುಖ್ಯಸ್ಥನಿಗೆ ಬಾಯಲ್ಲೂ ಹೇಳಿ. ಬರೆಸಿದ್ದು ಅಡುಗೆಮನೆಗೆ ಮುಟ್ಟಿದೆ ಅಂತ ನಂಬಿ ಕೂರಬೇಡಿ. ಕೈಗೆ ಸ್ಯಾನಿಟೈಸರ್‌ ಸಾಕು ಅಂದುಕೊಳ್ಳುವುದೂ ಬೇಡ. ಹಡಗುಗಳಲ್ಲಿ ಹರಡುವ ನೊರೊವೈರಸ್‌ ವಾಂತಿಭೇದಿಗೆ ಸ್ಯಾನಿಟೈಸರ್‌ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ನೀರೇ ಬೇಕು.

ದುಡ್ಡಿನ ವಿಷಯ ನಾನು ಕೌಂಟರಿನ ಆ ಕಡೆಯಿಂದ ನೋಡಿದ್ದು. ಹಡಗಿನೊಳಗೆ ನೋಟು ಹೆಚ್ಚು ನಡೆಯುವುದಿಲ್ಲ. ಕೋಣೆಯ ಕಾರ್ಡ್‌ ಉಜ್ಜುತ್ತಾ ಹೋಗುವುದು, ಕೊನೆಗೆ ಒಟ್ಟು ಬಿಲ್‌. ವೈಫೈ, ಕೂಲ್‌ಡ್ರಿಂಕ್ಸ್‌, ಅವರು ತೆಗೆದ ಫೋಟೋ, ದಿನಕ್ಕೆ ತಲೆಗೆ ಇಷ್ಟು ಅಂತ ಸರ್ವಿಸ್‌ ಚಾರ್ಜ್‌, ಎಲ್ಲ ಅದರಲ್ಲಿ ಬರುತ್ತದೆ. ಡೆಬಿಟ್‌ ಕಾರ್ಡ್‌ ಕೊಟ್ಟರೆ ಮುಂಗಡವಾಗಿ ಒಂದಷ್ಟು ಹಣ ತಡೆದಿಡುತ್ತಾರೆ, ಬಿಡುಗಡೆಯಾಗಲು ದಿನಗಳೇ ಬೇಕು. ಕ್ರೆಡಿಟ್‌ ಕಾರ್ಡ್‌ ಇದ್ದರೆ ಅದನ್ನೇ ಕೊಡಿ. ಬಿಲ್ಲನ್ನು ಹಿಂದಿನ ರಾತ್ರಿಯೇ ಪರೀಕ್ಷಿಸಿ. ಇಳಿಯುವ ದಿನ ಬೆಳಿಗ್ಗೆ ಆ ಕೌಂಟರಿನ ಎದುರು ಇರುವ ಕ್ಯೂ ಶತ್ರುವಿಗೂ ಬೇಡ. ಮೊಬೈಲನ್ನು ಹತ್ತಿದ ಕೂಡಲೇ ಏರೋಪ್ಲೇನ್‌ ಮೋಡಿಗೆ ಹಾಕಿ. ನಡುಗಡಲಲ್ಲಿ ಅದು ಹಡಗಿನದೇ ನೆಟ್‌ವರ್ಕ್‌ ಹಿಡಿದು ಭಾರೀ ರೋಮಿಂಗ್‌ ಬಿಲ್‌ ಎಳೆಯುತ್ತದೆ.

ಲಕ್ಷದ್ವೀಪ ಇರುವ ಟ್ರಿಪ್‌ ಹಿಡಿದವರಿಗೆ ಎರಡು ಮಾತು ಹೆಚ್ಚು. ದೊಡ್ಡ ಹಡಗು ದ್ವೀಪಕ್ಕೆ ತಾಗಿ ನಿಲ್ಲುವುದಿಲ್ಲ. ದೂರ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಅಲೆಯಲ್ಲಿ ಏರಿಳಿಯುವ ದೋಣಿಗೆ ಕಾಲಿಡುವಾಗ ಸೀರೆಯೂ ಪಂಚೆಯೂ ಕೈಕೊಡುತ್ತವೆ. ಆ ದಿನ ಚೂಡಿದಾರ್‌, ಪ್ಯಾಂಟ್‌, ಹಿಡಿತ ಇರುವ ಚಪ್ಪಲಿ. ಸಮುದ್ರ ಒರಟಾದರೆ ಕ್ಯಾಪ್ಟನ್‌ ದ್ವೀಪವನ್ನೇ ಕೈಬಿಡಬಹುದು. ಟಿಕೆಟ್‌ ಹಣ ಅದಕ್ಕಾಗಿ ವಾಪಸ್‌ ಬರುವುದಿಲ್ಲ, ಕಂಪನಿಯ ಷರತ್ತಿನಲ್ಲೇ ಬರೆದಿರುತ್ತದೆ. ದ್ವೀಪವೇ ಮುಖ್ಯ ಅನ್ನುವವರಿಗೆ ನಾನು ಕೊಚ್ಚಿಯಿಂದ ಹೊರಡುವ ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ಯಾಕೇಜನ್ನೇ ಹೇಳುವುದು. ಎಂ.ವಿ. ಕವರತ್ತಿ ಹಡಗಿನಲ್ಲಿ ರಾತ್ರಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌. ಝಗಮಗ ಇಲ್ಲ, ದ್ವೀಪಕ್ಕೆ ಹೋಗಲು ಬೇಕಾದ ಪರ್ಮಿಟ್ಟಿನ ಓಡಾಟ ಇದೆ, ಆದರೆ ಹೋಗುವುದೇ ದ್ವೀಪ ನೋಡಲು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಟ್ಯಾಗ್‌ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ. ಮರುದಿನದ ಬಟ್ಟೆ, ಗುರುತಿನ ಚೀಟಿ, ಮಾತ್ರೆ, ಕನ್ನಡಕ ಹೊರಗೆ ತೆಗೆದಿಟ್ಟ ಮೇಲೆಯೇ ಬೀಗ ಹಾಕಿ. ಬೆಳಿಗ್ಗೆ ಬಾತ್‌ರೋಬ್‌ ಸುತ್ತಿಕೊಂಡು ಕೌಂಟರಿಗೆ ಬಂದು "ನನ್ನ ಪೆಟ್ಟಿಗೆ ಎಲ್ಲಿ?" ಅಂತ ಕೇಳಿದ ಯಜಮಾನರನ್ನು ನಾನು ಕಂಡಿದ್ದೇನೆ. ಇಳಿಯುವುದೂ ಸರದಿಯ ಪ್ರಕಾರ, ತಡವಾಗುತ್ತದೆ. ಮುಂಬೈಯಲ್ಲಿ ಇಳಿಯುವವರು ಅದೇ ದಿನದ ನೇತ್ರಾವತಿಗೆ ಟಿಕೆಟ್‌ ಮಾಡಬೇಡಿ, ಅದು ಮಧ್ಯಾಹ್ನದ ಮೊದಲೇ ಎಲ್‌ಟಿಟಿ ಬಿಡುತ್ತದೆ. ಮತ್ಸ್ಯಗಂಧಾ ಮಧ್ಯಾಹ್ನದ ಮೇಲೆ. ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದರೆ ಕಾಸರಗೋಡಿಗೆ ಬಸ್ಸೂ ಇದೆ, ಲೋಕಲ್‌ ರೈಲೂ ಇದೆ.