ಬೇವಿನ ವರ್ಣತಂತು: 14, 28 ಅಥವಾ 56?

ಬೇವಿನ ವರ್ಣತಂತು (ಕ್ರೋಮೋಸೋಮ್) 2ಎನ್ = 28, ಅಂದರೆ ಮರದ ಮಾಮೂಲಿ ಜೀವಕೋಶ ಒಂದರಲ್ಲಿ 28. ಇದು ಬಾಯಿಪಾಠ ಇತ್ತು. ಆದರೂ ಮೈಕ್ರೋಸ್ಕೋಪ್‌ನಲ್ಲಿ ಎಣಿಸುವಾಗ ಎರಡು ವಾರ ಒದ್ದಾಡಿದೆ. ನಿನ್ನೆ ಸಂಜೆ ಗಂಟು ಬಿಚ್ಚಿತು, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎಣಿಸಲು ಬೇಕಾದ ಮೊಗ್ಗು ಸಿಗುವುದು ಯುಗಾದಿ ಆಸುಪಾಸಿನಲ್ಲಿ. ನಮ್ಮ ಕಲಬುರಗಿಯಲ್ಲಿ ಬೇವಿನ ಮರಕ್ಕೇನು ಕೊರತೆ ಇಲ್ಲ ಅಲ್ವಾ? ಅರಳಿದ ಹೂ ಬೇಡ, ಅದರಲ್ಲಿ ಪರಾಗ ಆಗಲೇ ತಯಾರಾಗಿ, ನೋಡಬೇಕಾದ ಕೋಶ ವಿಭಜನೆ ಮುಗಿದಿರುತ್ತದೆ. ಒಂದೇ ಗೊಂಚಲಿನಲ್ಲಿ ಸಣ್ಣ, ದೊಡ್ಡ ಮೊಗ್ಗು ಎಲ್ಲ ಇರುತ್ತವೆ. ಹಾಗಾಗಿ ಇಡೀ ಗೊಂಚಲನ್ನೇ 3 ಪಾಲು ಆಲ್ಕೋಹಾಲ್, 1 ಪಾಲು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕಿ. ಮರುದಿನ 70% ಆಲ್ಕೋಹಾಲ್‌ಗೆ ಬದಲಿಸಿ. ಮೊಗ್ಗಿನೊಳಗೆ ಒಂದು ಪುಟ್ಟ ಕೊಳವೆ, ಅದರ ಬಾಯಿಯ ಸುತ್ತ 10 ಪರಾಗಕೋಶ. ಸೂಜಿಯಿಂದ ಕೊಳವೆ ಸೀಳಿ ಅವನ್ನು ಬಿಡಿಸಿ. ವರ್ಣತಂತುವಿಗೆ ಕೆಂಪು ಬಣ್ಣ ಹಿಡಿಸುವ ಅಸಿಟೋಕಾರ್ಮೈನ್ ಒಂದು ಹನಿ, ಮೇಲೆ ಕವರ್‌ಸ್ಲಿಪ್, ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿಸಬೇಡಿ.

ಈಗ ನಾನು ಸಿಕ್ಕಿಬಿದ್ದ ಜಾಗ. ಮೊಗ್ಗಿನ ಸ್ಲೈಡ್‌ನಲ್ಲಿ ಕಂಡದ್ದು 14 ಕೆಂಪು ಚುಕ್ಕೆ. ಅರ್ಧ ಕಳೆದುಹೋದವು ಅಂದುಕೊಂಡು ಮೂರು ಸ್ಲೈಡ್ ಮಾಡಿದೆ. ಮೂರರಲ್ಲೂ 14. ಬೇರಿನ ತುದಿಯ ಚಿತ್ರ ನೋಡಿದರೆ ಒಂದೊಂದು ವರ್ಣತಂತುವಿಗೂ ಎರಡೆರಡು ಎಳೆ, ಎಣಿಸಿದರೆ 56!

ತೊಗರಿ ನೆನಪಿಸಿಕೊಳ್ಳಿ. ಒಂದು ಕಾಳಿನೊಳಗೆ ಎರಡು ಬೇಳೆ. ಒಡೆಯುವ ತನಕ ಅದು ಒಂದೇ ಕಾಳು. ವರ್ಣತಂತು ಅಂದರೆ ಕಾಳು, ಕ್ರೊಮ್ಯಾಟಿಡ್ ಅಂದರೆ ಬೇಳೆ. ಎರಡು ಬೇಳೆಯನ್ನು ಹಿಡಿದಿಟ್ಟದ್ದು ಸೆಂಟ್ರೋಮಿಯರ್. ಬೇರಿನ ಮೆಟಾಫೇಸ್‌ನಲ್ಲಿ (ವರ್ಣತಂತು ಕೋಶದ ನಡುವೆ ಸಾಲುಗಟ್ಟುವ ಹಂತ) ಇರುವುದು 28 ಕಾಳು, 56 ಬೇಳೆ. ನಾವು ಬರೆಯುವುದು ಕಾಳಿನ ಲೆಕ್ಕ, 28.

ಮೊಗ್ಗಿನಲ್ಲಿ ನಡೆಯುವುದು ಮಿಯಾಸಿಸ್, ಅಂದರೆ ವರ್ಣತಂತು ಸಂಖ್ಯೆ ಅರ್ಧವಾಗುವ ಕೋಶ ವಿಭಜನೆ. ಅಲ್ಲಿ ಎರಡು ಕಾಳು ಜೋಡಿಯಾಗಿ ಕೂತಿರುತ್ತವೆ. ಒಂದು ಕಾಳು ಆ ಮರದ ತಾಯಿಯ ಕಡೆಯದು, ಇನ್ನೊಂದು ಅದರ ತಂದೆಯ ಕಡೆಯದು. ಈ ಜೋಡಿಯೇ ಬೈವೇಲೆಂಟ್. ಬೇವಿನ ವರ್ಣತಂತು ತುಂಬ ಸಣ್ಣವು, ಹಾಗಾಗಿ ಜೋಡಿ ಒಂದೇ ಚುಕ್ಕೆಯಾಗಿ ಕಾಣುತ್ತದೆ. 14 ಚುಕ್ಕೆ ಅಂದರೆ 14 ಜೋಡಿ, 28 ವರ್ಣತಂತು. ಏನೂ ಕಳೆದಿರಲಿಲ್ಲ.

ಮುಂದಿನ ಹಂತ ಅನಾಫೇಸ್ 1. ಜೋಡಿ ಬಿಡುತ್ತದೆ, ಬೇಳೆ ಒಡೆಯುವುದಿಲ್ಲ. ಆ ಕಡೆ 14, ಈ ಕಡೆ 14. ಬೇಳೆ ಒಡೆಯುವುದು ಎರಡನೇ ವಿಭಜನೆಯಲ್ಲಿ. ಇದನ್ನು ನಾನು ಐದಾರು ಸಲ ಬಿಡಿಸಿ ನೋಡಿದ ಮೇಲೆ ತಲೆಗೆ ಹತ್ತಿತು, ನೀವೂ ಸುಮ್ನೆ ಓದದೆ ಚಿತ್ರ ಬಿಡಿಸಿ.

ಬೇರಿನ ತುದಿಯಲ್ಲಿ ಎಣಿಸುವುದಾದರೆ ಮೊಳಕೆಗೆ ತಾಜಾ ಬೀಜ ಬೇಕು, ಬೇವಿನ ಬೀಜ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಬೇರಿನ ತುದಿಯನ್ನು ಮೊದಲು 8-ಹೈಡ್ರಾಕ್ಸಿಕ್ವಿನೋಲಿನ್ ಎಂಬ ರಾಸಾಯನಿಕದಲ್ಲಿ ಇಟ್ಟರೆ ವರ್ಣತಂತು ಗಿಡ್ಡವಾಗಿ ಬಿಡಿಬಿಡಿಯಾಗುತ್ತವೆ.

ರೆಕಾರ್ಡ್‌ನಲ್ಲಿ ಸಂಖ್ಯೆಗೆ ಮೊದಲು ಹಂತ ಬರೆಯಿರಿ: ‘ಮೊಗ್ಗು, ಮೆಟಾಫೇಸ್ 1, 14 ಬೈವೇಲೆಂಟ್’.