ಗಿರಾಕಿ ಸರ್ಕಾರವೇ ಆದರೂ ನಂಬರ್ ಕೆತ್ತಲೇಬೇಕು

"ಸಾರ್, ಬಂದೂಕಿನ ಸೈಲೆನ್ಸರ್ ಕೇಳ್ತಿರೋದು ಮಿಲಿಟರಿಯವರು. ನಮಗ್ಯಾಕೆ ಲೈಸೆನ್ಸು?" ಕಳೆದ ತಿಂಗಳು ಮತ್ತೆ ಇದೇ ಮಾತು ಕೇಳಿದೆ. ಅಮೆರಿಕದ ವರ್ಜೀನಿಯಾದಲ್ಲಿ ಸಣ್ಣ ವರ್ಕ್‌ಶಾಪ್‌ಗಳಿಗೆ ಸರ್ಕಾರಿ ಕಾಂಟ್ರಾಕ್ಟ್ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ.

ಈ ಸಲ ಬಂದವರು ಪೀಣ್ಯದಲ್ಲಿ ಲೇತ್ ಕಲಿತ ಹಿರಿಯರು. ಕೆಲಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರದ ಕೈ ಅವರದು. ಫೋನ್ ತೆಗೆದು ಒಂದು ಇಮೇಲ್ ತೋರಿಸಿದರು. ರೈಫಲ್ ಸಪ್ರೆಸರ್, ಅಂದರೆ ಸದ್ದು ತಗ್ಗಿಸುವ ಸೈಲೆನ್ಸರ್, ಬೇಕಂತೆ, ಬೇಗ ಬೇಕಂತೆ. ಕಾಂಟ್ರಾಕ್ಟ್ ನಂಬರ್ ಇಲ್ಲ, ಖರೀದಿ ಅಧಿಕಾರಿಯ ಸಹಿಯೂ ಇಲ್ಲ.

ಅವರಿಗೆ ಅಮೆರಿಕದ ನೌಕಾಪಡೆಯ ಕಥೆ ಹೇಳಿದೆ. ಪೆಂಟಗನ್‌ನಲ್ಲಿದ್ದ ನೌಕಾಪಡೆಯ ಒಂದು ಸಣ್ಣ ಗುಪ್ತಚರ ಕಚೇರಿ ಎಕೆ-47ಗೆ ಹೊಂದುವ 349 ಸೈಲೆನ್ಸರ್ ತರಿಸಿಕೊಂಡಿತು. ಮಾಡಿಕೊಟ್ಟವನು ಕ್ಯಾಲಿಫೋರ್ನಿಯಾದ ಒಬ್ಬ ಕಾರ್ ಮೆಕ್ಯಾನಿಕ್. ಆ ಕಚೇರಿಯ ಅಧಿಕಾರಿಯೊಬ್ಬರ ಸ್ವಂತ ಸಹೋದರ. ಬಿಲ್ಲು 16 ಲಕ್ಷ ಡಾಲರ್. ತಯಾರಿಗೆ ಆದ ಖರ್ಚು ಹತ್ತು ಸಾವಿರದ ಆಸುಪಾಸು. ಅಂದರೆ ಮೂವತ್ತು ಡಾಲರೂ ಬೀಳದ ಒಂದೊಂದು ಕೊಳವೆಗೆ ನಾಲ್ಕೂವರೆ ಸಾವಿರ! ಒಂದರ ಮೇಲೂ ಸೀರಿಯಲ್ ನಂಬರ್ ಇರಲಿಲ್ಲ. 2014ರಲ್ಲಿ ನಮ್ಮ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಊರಿನ ಫೆಡರಲ್ ಕೋರ್ಟಿನಲ್ಲಿ ಆ ಮೆಕ್ಯಾನಿಕ್ ಮೇಲಿನ ಆರೋಪ ಸಾಬೀತಾಯಿತು.

"ದುಡ್ಡು ಜಾಸ್ತಿ ತಗೊಂಡ, ಅದಕ್ಕೆ ಸಿಕ್ಕಿಬಿದ್ದ" ಅಂದರು ನಮ್ಮ ಹಿರಿಯರು. ಎಲ್ಲರೂ ಎಡವುವುದು ಇಲ್ಲೇ. ಅವನ ಮೇಲಿದ್ದದ್ದು ನೋಂದಣಿ ಇಲ್ಲದ ಸೈಲೆನ್ಸರ್ ಸಾಗಿಸುವ ಸಂಚಿನ ಆರೋಪ. ಬೆಲೆ ನ್ಯಾಯವಾಗಿದ್ದರೂ ಆ ತಪ್ಪು ತಪ್ಪೇ.

ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1934ರ ಕಾನೂನು ಸೈಲೆನ್ಸರನ್ನೇ ಒಂದು ಬಂದೂಕು ಅಂತ ಎಣಿಸುತ್ತದೆ. ಬಂದೂಕಿಗೆ ಸಿಕ್ಕಿಸದೆ ಮೇಜಿನ ಮೇಲೆ ಸುಮ್ನೆ ಇಟ್ಟಿದ್ದರೂ ಅದು ಬಂದೂಕೇ. ಲೈಸೆನ್ಸ್ ಇರುವ ತಯಾರಕ ಅದನ್ನು ಮಾಡಿದ ಮರುದಿನದ ಕೆಲಸದ ವೇಳೆ ಮುಗಿಯುವುದರೊಳಗೆ ಬಂದೂಕುಗಳ ಮೇಲೆ ಕಣ್ಣಿಡುವ ಎಟಿಎಫ್ ಇಲಾಖೆಗೆ ತಿಳಿಸಬೇಕು. ನಂಬರ್ ಕೆತ್ತಬೇಕು. ಆಳ ಕನಿಷ್ಠ 0.003 ಇಂಚು, ಅಕ್ಷರದ ಎತ್ತರ ಇಂಚಿನ ಹದಿನಾರನೇ ಒಂದು ಭಾಗ. ಸುಲಭವಾಗಿ ಅಳಿಸಲು, ತಿದ್ದಲು ಬರಬಾರದು. ಸರ್ಕಾರಕ್ಕೆ ಮಾರಿದರೆ ವಿನಾಯಿತಿ ಇಲ್ವಾ? ಇದೆ, ಆದರೆ ಮುಖ್ಯವಾಗಿ ತೆರಿಗೆಗೆ. ತೆರಿಗೆ ಬಿಟ್ಟರು ಅಂದರೆ ನೋಂದಣಿಯನ್ನೂ ಬಿಟ್ಟರು ಅಂತ ಅಲ್ಲ. ಚೆನ್ನಾಗಿ ನೆನಪಿಟ್ಟುಕೊಳ್ಳಿ ಈ ಮಾತು. ಮಾಲು ಸೈನ್ಯದ ಕೈ ಸೇರಿದ ಮೇಲಿನ ನಿಯಮ ಬೇರೆ, ನಿಮ್ಮ ಲೇತ್ ಮೇಲೆ ಇರುವಾಗಿನ ನಿಯಮ ಬೇರೆ. ಇನ್ನೂ ಕೆಲವು ಒಳಸುಳಿಗಳಿವೆ. ಅದಕ್ಕೆ ನಿಮ್ಮ ವಕೀಲರನ್ನೇ ಕೇಳಿ, ಈ ಅಂಕಣವನ್ನೇ ನಂಬಿ ಕೆಲಸ ಶುರು ಮಾಡಬೇಡಿ.

2026ರ ಜನವರಿ 1ರಿಂದ ಗೊಂದಲ ಇನ್ನೂ ಹೆಚ್ಚಿದೆ. ಸೈಲೆನ್ಸರ್ ಮೇಲಿದ್ದ 200 ಡಾಲರ್ ತೆರಿಗೆ ಸೊನ್ನೆಯಾಯಿತು. "ಈಗ ಕಾನೂನೇ ಹೋಯ್ತಲ್ಲ" ಅಂತ ಫೋನ್ ಮಾಡುವವರಿದ್ದಾರೆ. ಹೋಗಿಲ್ಲ. ಅರ್ಜಿ, ಬೆರಳಚ್ಚು, ನಂಬರ್ ಎಲ್ಲ ಹಾಗೇ ಇವೆ. ತಪ್ಪಿದರೆ ಹತ್ತು ವರ್ಷದವರೆಗೆ ಜೈಲಾಗಬಹುದು.

ಸಿನಿಮಾದವರು ತೋರಿಸುವ ಹಾಗೆ ಸೈಲೆನ್ಸರ್ ಸದ್ದನ್ನು ಪೂರ್ತಿ ನುಂಗುವ ಮಾಯದ ಕೊಳವೆಯೂ ಅಲ್ಲ. ಒಳಗಿನ ಬಿಲ್ಲೆಗಳು ಬಿಸಿ ಗಾಳಿಯ ರಭಸ ತಗ್ಗಿಸುತ್ತವೆ. ಸದ್ದು 20ರಿಂದ 35 ಡೆಸಿಬಲ್ ಇಳಿದೀತು. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತಿದ್ದರೆ ಅದರ ಚಟೀರ್ ಸದ್ದು ಉಳಿದೇ ಉಳಿಯುತ್ತದೆ. ಸೈನಿಕರ ಕಿವಿ ಉಳಿಸಲು ಇದು ನಿಜಕ್ಕೂ ಬೇಕಾದ ಸಾಧನ. ನ್ಯಾಯವಾಗಿ ಮಾಡುವವರು ಮಾಡಲಿ ಅಂತಲೇ ನಾನೂ ಹೇಳುವುದು.

ಹಿರಿಯರಿಂದ ಅಲ್ಲೇ ಕೂತು ಉತ್ತರ ಬರೆಸಿದೆ. ಕಾಂಟ್ರಾಕ್ಟ್ ನಂಬರ್ ಕೊಡಿ, ಸಹಿ ಮಾಡುವ ಖರೀದಿ ಅಧಿಕಾರಿ ಯಾರು ತಿಳಿಸಿ, ನಮಗೆ ಸದ್ಯ ಲೈಸೆನ್ಸ್ ಇಲ್ಲ. ಮೂರೇ ಸಾಲು. ಮೂರು ವಾರ ಕಳೆದರೂ ಆ ಕಡೆಯಿಂದ ಉತ್ತರ ಬಂದಿಲ್ಲ. ಹಿರಿಯರು ಆಗಲೇ ತರಿಸಿಬಿಟ್ಟಿದ್ದ ಟೈಟಾನಿಯಂ ರಾಡುಗಳು ಗೋಡೆಗೆ ಒರಗಿ ನಿಂತಿವೆ. ಸೈಕಲ್ ಭಾಗಗಳ ಆರ್ಡರ್ ಒಂದು ಬರುವ ಹಾಗಿದೆ, ಅದಕ್ಕೆ ಬಳಸುತ್ತೇನೆ ಅಂದರು ಮೊನ್ನೆ.